ಐವತ್ತೇಳು ನಿಮಿಷದ ಊಟ

ಬೆಳಗಿನ ಏಳೂವರೆಗೆ, ಬೇಯಿಸಿದ ಆಲೂಗಡ್ಡೆಯ ಒಂದು ತುಂಡು ಮೆಲುಕಪ್ಪನವರ ಎದೆಯ ನಡುವೆ ನಿಂತುಬಿಟ್ಟಿತು. ಅದೇನೂ ದೊಡ್ಡ ತುಂಡಲ್ಲ, ಹೆಬ್ಬೆರಳಿನ ಉಗುರಿನಷ್ಟಿತ್ತು. ಅದನ್ನು ಅವರು ಮೂವತ್ತೆರಡು ಸಲ ಅಗಿದು, ಕಣ್ಣು ಮುಚ್ಚಿ, ಹಸುಗೂಸನ್ನು ತೊಟ್ಟಿಲಿಗಿಳಿಸುವ ಎಚ್ಚರದಿಂದ ಒಳಗೆ ಕಳುಹಿಸಿದ್ದರು. ಆದರೂ ಅದು ದಾರಿಯಲ್ಲಿ ಹಳೆಯ ಪರಿಚಯದವರು ಸಿಕ್ಕವರಂತೆ ನಿಂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ, ಹರಟೆಗೆ ತೊಡಗಿತು.

"ಅಳಿಯಂದ್ರು ಇನ್ನೂ ಮೊದಲ್ನೇ ತುಂಡಲ್ಲೇ ಇದಾರೆ," ಎಂದು ಅತ್ತೆಯವರು ಅಡುಗೆಮನೆಯಿಂದ ಮಗಳಿಗೆ ವರದಿ ಒಪ್ಪಿಸಿದರು. "ಆ ಆಲೂಗಡ್ಡೆ ಹೊಲದಿಂದ ನಮ್ಮನೆಗೆ ಬರೋಕೂ ಇಷ್ಟು ಹೊತ್ತು ಹಿಡೀಲಿಲ್ಲ ಕಣೇ."

"ಸುಮ್ನಿರಮ್ಮಾ ನೀನು," ಎಂದಳು ಹೆಂಡತಿ. ಗಂಡನ ಕಡೆ ತಿರುಗಿ, "ಒಂದು ಗುಟುಕು ನೀರು ಕುಡೀರಿ, ಹೋಗುತ್ತೆ," ಎಂದು ಲೋಟ ಮುಂದಿಟ್ಟಳು.

ಮೆಲುಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಕಚೇರಿಯವರು ಕಟ್ಟಿದ ಬಿರುದು. ಊಟದ ವಿಷಯದಲ್ಲಿ ಅವರ ನಿಧಾನ ಅಷ್ಟು ಪ್ರಸಿದ್ಧವಾಗಿತ್ತು. ಶಾಲೆಯಲ್ಲಿದ್ದಾಗ ಅವರ ಮಧ್ಯಾಹ್ನದ ಡಬ್ಬಿ ಮುಗಿಯುವುದೂ ಸಂಜೆಯ ಗಂಟೆ ಹೊಡೆಯುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತಿದ್ದವು. ಅವರ ಮದುವೆಯ ಊಟದಲ್ಲಿ ಬಾಡಿಗೆ ಕುರ್ಚಿಯವನು ಬಂದು, "ದಯವಿಟ್ಟು ಎದ್ದು ನಿಂತು ತಿನ್ನಿ ಸ್ವಾಮಿ, ಇದೊಂದೇ ಕುರ್ಚಿ ಬಾಕಿ," ಎಂದು ಬೇಡಿಕೊಂಡದ್ದನ್ನು ಅತ್ತೆಯವರು ಇಂದಿಗೂ ಮರೆತಿರಲಿಲ್ಲ. ಮೆಲುಕಪ್ಪನವರು ಯಾರಿಗೂ ಎದುರಾಡಿದವರಲ್ಲ. ತಿನ್ನುವುದೇ ಒಂದು ದುಡಿಮೆಯಾದ ಮನುಷ್ಯನಿಗೆ ಜಗಳಕ್ಕೆ ಉಸಿರೆಲ್ಲಿ ಉಳಿದೀತು?

ಇದುವರೆಗೆ ಈ ನಿಧಾನ ಅವರಿಗೆ ನಗೆಪಾಟಲನ್ನು ತಂದಿತ್ತೇ ಹೊರತು ನಷ್ಟವನ್ನು ತಂದಿರಲಿಲ್ಲ. ಮೂರು ತಿಂಗಳ ಹಿಂದೆ ಹೊಸ ಸಾಹೇಬರು ಬಂದರು. ಅಲ್ಲಿಗೆ ಆ ಸುಖ ಮುಗಿಯಿತು.

ಮೆಲುಕಪ್ಪನವರು ದುಡಿಯುತ್ತಿದ್ದುದು ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಅವರ ಕೈಯಲ್ಲಿ ಒಂದು ತೂಕವೂ ತಪ್ಪಿರಲಿಲ್ಲ. ತೂಕ ಕಡಿಮೆ ಬಂದ ಅಂಗಡಿಯವರು, "ಬಟ್ಟು ಸವೆದಿರೋದು ನಂಗೆ ಗೊತ್ತೇ ಇರಲಿಲ್ಲ ಸ್ವಾಮಿ," ಎಂದು ಕೈಮುಗಿದರೆ, ಮೆಲುಕಪ್ಪನವರು ಕನ್ನಡಕವನ್ನು ಮೇಲೇರಿಸಿ, "ಗೊತ್ತಿಲ್ಲದೆ ತಪ್ಪಿದರೂ ತೂಕ ತಪ್ಪಿದ್ದೇ," ಎನ್ನುವರು. ಸಾಹೇಬರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಬಂದ ಮೊದಲ ವಾರದಲ್ಲಿಯೇ ಅದನ್ನು ಹಲಗೆಯ ಮೇಲೆ ಬರೆಸಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದರು.

ಮೆಲುಕಪ್ಪನವರ ದುರದೃಷ್ಟವೆಂದರೆ ಸಾಹೇಬರು ತೂಕವನ್ನಷ್ಟೇ ಅಲ್ಲ, ಕಾಲವನ್ನೂ ಅಳೆಯುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಓಟದ ಪಂದ್ಯಗಳಲ್ಲಿ ಬಳಸುವಂಥ ಒಂದು ಗಡಿಯಾರವಿತ್ತು. ಹನ್ನೊಂದು ದಿನ ಅವರು ಊಟದ ಕೋಣೆಯ ಬಾಗಿಲಲ್ಲಿ ನಿಂತು ಅಳೆದರು. ಹನ್ನೆರಡನೆಯ ದಿನ ಮೆಮೋ ಹೊರಟಿತು. ಊಟದ ವಿರಾಮ ಮೂವತ್ತು ನಿಮಿಷ. ತಾವು ಸರಾಸರಿ ಐವತ್ತೇಳು ನಿಮಿಷ ತೆಗೆದುಕೊಳ್ಳುತ್ತಿರುವುದು ಕಂಡುಬಂದಿದೆ. ಇಂಥ ದಿನ ಸಂಜೆ ಐದರೊಳಗೆ ಲಿಖಿತ ಆಧಾರದೊಡನೆ ಕಾರಣ ತಿಳಿಸತಕ್ಕದ್ದು. ತಪ್ಪಿದಲ್ಲಿ ಮುದ್ರೆ ಕೊಠಡಿಯ ಮೇಲ್ವಿಚಾರಕ ಹುದ್ದೆಗೆ ಆಗಿರುವ ತಮ್ಮ ಶಿಫಾರಸನ್ನು ಹಿಂದೆಗೆದುಕೊಳ್ಳಲಾಗುವುದು.

ಆ ಹುದ್ದೆಗಾಗಿ ಮೆಲುಕಪ್ಪನವರು ಇಪ್ಪತ್ತೆರಡು ವರ್ಷ ಕಾದಿದ್ದರು. ಮುದ್ರೆ ಕೊಠಡಿಯ ಹಿತ್ತಾಳೆಯ ಬೀಗದಕೈ ತಮ್ಮ ಸೊಂಟದಲ್ಲಿ ತೂಗುವುದನ್ನು ಅವರು ಕನಸಿನಲ್ಲಿ ಎಷ್ಟೋ ಬಾರಿ ಕಂಡಿದ್ದರು. ಅದರ ಸದ್ದನ್ನೂ ಕೇಳಿದ್ದರು. 'ಇಂಥ ದಿನ' ಎಂದರೆ ಇವತ್ತೇ.

ಎಂಟು ಗಂಟೆಗೆ ಸರಿಯಾಗಿ ಕಚೇರಿಯ ದಾಖಲೆ ಗುಮಾಸ್ತರು ಬಾಗಿಲು ತಟ್ಟಿದರು. ಇವರು ಮೆಲುಕಪ್ಪನವರ ಪರಮಮಿತ್ರರು. ಲೋಕದಲ್ಲಿ ಕಡತಕ್ಕೆ ಸೇರದ ಯಾವ ಸಂಗತಿಯೂ ನಿಜವಲ್ಲವೆಂದು ನಂಬಿದವರು. ಯಾರೂ ಕೇಳದಿದ್ದರೂ ನೆರವಾಗುವವರು.

"ಆಧಾರ ಎಲ್ರೀ?" ಎಂದರು ಒಳಗೆ ಕಾಲಿಡುತ್ತಲೇ. "ಗಂಟಲು ಡಾಕ್ಟ್ರು ಹೋದ ತಿಂಗಳು ಪರೀಕ್ಷೆಗೆ ಚೀಟಿ ಕೊಟ್ಟಿದ್ರಲ್ಲ, ಏನ್ಮಾಡಿದ್ರಿ ಅದನ್ನ?"

ಮೆಲುಕಪ್ಪನವರು ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯನ್ನು ತೆಗೆದರು. "ರಜಾ ಹಾಕ್ಬೇಕಾಗುತ್ತಲ್ಲ ಅಂತ..."

"ನಿಮ್ಮ ಪರವಾಗಿ ನಾನೇ ನಿನ್ನೆ ಸಂಜೆ ರಜಾ ಅರ್ಜಿ ಬರೆದು ದಾಖಲೆ ಮಾಡಿದೀನಿ. ನಂದೂ ಜೊತೇಲಿ ಹಾಕಿದೀನಿ. ಏಳಿ."

"ಇನ್ನೂ ತಿಂಡಿ ಆಗಿಲ್ಲ..."

"ನಿಮ್ಮ ತಿಂಡಿ ಆಗೋತನಕ ಕಾದ್ರೆ ಡಾಕ್ಟ್ರು ನಿವೃತ್ತಿ ಆಗ್ತಾರೆ."

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಇವರ ಸರದಿ ಬಂದಾಗ ಹನ್ನೊಂದೂವರೆ. ಯಂತ್ರವನ್ನು ನಡೆಸುವ ಹೆಂಗಸು ಚುರುಕಿನವಳು. ಚೀಟಿ ನೋಡಿ ಕೇಳಿದಳು: "ಬೆಳಗಿಂದ ಏನಾದ್ರೂ ತಿಂದಿದೀರಾ?"

"ಏಳೂವರೆಗೆ ಒಂದು ಆಲೂಗಡ್ಡೆ ತುಂಡು."

"ಅಷ್ಟೇನಾ?"

"ಅಷ್ಟೇ. ಅದೂ ಪೂರ್ತಿ ಇಳಿದಿದೆ ಅಂತ ಹೇಳೋಕಾಗಲ್ಲ."

ಅವಳು ಕಲಸಿದ ಸುಣ್ಣದಂತೆ ಬೆಳ್ಳಗಿದ್ದ ಔಷಧವನ್ನು ದೊಡ್ಡ ಲೋಟದಲ್ಲಿ ತುಂಬಿ ಕೈಗೆ ಕೊಟ್ಟಳು. ಅದು ಗಂಟಲಿನಿಂದ ಇಳಿಯುವ ದಾರಿ ಎಕ್ಸ್‌ರೇ ಪರದೆಯಲ್ಲಿ ಕಾಣುತ್ತದೆಂದೂ, ತಾನು 'ಹೂಂ' ಎಂದಾಗ ಒಂದೇ ಸಲಕ್ಕೆ ಗಟಗಟ ಕುಡಿಯಬೇಕೆಂದೂ ಹೇಳಿದಳು. ಅವಳು 'ಹೂಂ' ಎಂದಳು. ಮೆಲುಕಪ್ಪನವರು ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಅಭ್ಯಾಸಬಲದಿಂದ, ಅಗಿಯತೊಡಗಿದರು.

"ಸಾರ್, ಅದು ನೀರು! ಅಗೀಬೇಡಿ!"

"ಒತ್ತಾಯ ಮಾಡ್ಬೇಡಿ ಮೇಡಂ," ಎಂದು ದಾಖಲೆ ಗುಮಾಸ್ತರು ಬಾಗಿಲ ಸಂದಿನಿಂದ ಕೂಗಿದರು. "ಅವರು ಕಾಫೀನೂ ಅಗಿದೇ ಕುಡಿಯೋದು."

ಹೇಗೋ ಲೋಟ ಬರಿದಾಯಿತು. ಬಿಳಿಯ ಧಾರೆ ಪರದೆಯ ಮೇಲೆ ಇಳಿಯಿತು. ಎದೆಯ ಮೇಲುಭಾಗದಲ್ಲಿ ಒಂದೆಡೆ, ಹಿಂದಿನಿಂದ ಯಾರೋ ಬೆರಳಿಟ್ಟು ಅದುಮಿದಂತೆ ಸಣ್ಣಗಾಗಿ, ತಡವರಿಸಿ, ಮತ್ತೆ ಕೆಳಗಿಳಿಯಿತು. ಹೆಂಗಸು ಮುಖ ಗಂಟಿಕ್ಕಿದಳು. ಎದೆಯದೊಂದು ಎಕ್ಸ್‌ರೇ ತೆಗೆದು, ಆ ಫಿಲ್ಮನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು. ಅಲ್ಲಿಂದ ಗೊಂದಲ ಆರಂಭವಾಯಿತು.

"ಅಯ್ಯೋ, ಉಲ್ಟಾ ಹಾಕಿದೀನಿ," ಎಂದು ಫಿಲ್ಮನ್ನು ಮಗುಚಿದಳು. ಅರೆಗಳಿಗೆ ನೋಡಿದಳು. "ಅಲ್ಲ, ಈಗ ಹೃದಯ ಬಲಕ್ಕೆ ಬಂತು." ಮತ್ತೆ ಮಗುಚಿದಳು. "ಹೃದಯ ಎಡಕ್ಕೆ ಬಂತು. ಕಮಾನು ಬಲಕ್ಕೆ ಹೋಯ್ತು." ಮತ್ತೊಮ್ಮೆ ಮಗುಚಿದಳು.

ಕಮಾನೆಂದರೆ ಏನೆಂದು ದಾಖಲೆ ಗುಮಾಸ್ತರು ಕೇಳಿದರು. ಈ ವೇಳೆಗೆ ಅವರು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಬಂದಿದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮೇಲೇರಿ, ಕಮಾನಿನಂತೆ ಬಾಗಿ ಕೆಳಗಿಳಿಯುತ್ತದೆ. ಫಿಲ್ಮಿನಲ್ಲಿ ಅದು ಬೆರಳ ಗೆಣ್ಣಿನಷ್ಟು ಉಬ್ಬಾಗಿ, ಹೃದಯವಿರುವ ಎಡಪಕ್ಕದಲ್ಲೇ ಕಾಣಬೇಕು. ಇಲ್ಲಿ ಹೃದಯ ಸರಿಮಾಡಿದರೆ ಕಮಾನು ತಪ್ಪುತ್ತದೆ, ಕಮಾನು ಸರಿಮಾಡಿದರೆ ಹೃದಯ ತಪ್ಪುತ್ತದೆ.

"ಇಷ್ಟೇನಾ?" ಎಂದರು ದಾಖಲೆ ಗುಮಾಸ್ತರು. "ಫಿಲ್ಮನ್ನ ಮಧ್ಯಕ್ಕೆ ಕತ್ತರಿಸಿ, ಮೇಲಿನ ಅರ್ಧ ತಿರುಗಿಸಿ ಅಂಟಿಸಿಬಿಡಿ. ನಮ್ಮ ಕಚೇರೀಲಿ ಎಷ್ಟೋ ಕಾಗದ ಹೀಗೇ ಸರಿಯಾಗಿವೆ."

"ರೀ ಸ್ವಾಮಿ, ಇದು ಎದೆ. ಕಡತ ಅಲ್ಲ."

ಅವಳು ಎರಡನೆಯ ಫಿಲ್ಮ್ ತೆಗೆದಳು. ಈ ಬಾರಿ ಎಡಬಲದ ಗುರುತನ್ನು ಮೂರು ಬಾರಿ ಪರೀಕ್ಷಿಸಿದಳು. ಗುರುತಿಗಿರಲಿ ಎಂದು ದಾಖಲೆ ಗುಮಾಸ್ತರು ತಮ್ಮ ಕರವಸ್ತ್ರವನ್ನು ಮೆಲುಕಪ್ಪನವರ ಎಡಗೈಗೆ ಕಟ್ಟಿದರು. ಫಿಲ್ಮ್ ಬಂತು. ಹೃದಯ ಎಡಕ್ಕೆ, ಕಮಾನು ಬಲಕ್ಕೆ. ಹೆಂಗಸು ಫಿಲ್ಮನ್ನು ಬಿಟ್ಟು ಮೆಲುಕಪ್ಪನವರನ್ನೇ ದಿಟ್ಟಿಸಿ ನೋಡಿದಳು. ಫಿಲ್ಮಿನ ಬದಲು ತಮ್ಮನ್ನೇ ಮಗುಚಿ ಹಾಕಿಯಾಳೆಂದು ಅವರಿಗೆ ಭಯವಾಯಿತು.

"ನನ್ನಿಂದೇನಾದ್ರೂ ತಪ್ಪಾಯ್ತಾ ಮೇಡಂ?"

ಅವಳ ದನಿ ಮೆತ್ತಗಾಯಿತು. "ಇಲ್ಲ ಸಾರ್. ನಿಮ್ಮಿಂದೇನೂ ತಪ್ಪಿಲ್ಲ. ಸ್ಕ್ಯಾನ್ ಡಾಕ್ಟರಿಗೆ ತೋರಿಸ್ತೀನಿ, ಕೂತ್ಕೊಳ್ಳಿ."

'ನಿಮ್ಮಿಂದೇನೂ ತಪ್ಪಿಲ್ಲ' ಎಂಬ ಮಾತನ್ನು ಊಟದ ವಿಷಯದಲ್ಲಿ ಯಾರೂ ಅವರಿಗೆ ಈವರೆಗೆ ಹೇಳಿರಲಿಲ್ಲ. ಬೆಂಚಿನ ಮೇಲೆ ಕೂತು ಅವರು ಅದನ್ನು ನಾಲ್ಕಾರು ಬಾರಿ ಮನಸ್ಸಿನಲ್ಲೇ ಮೆಲುಕು ಹಾಕಿದರು.

ಎರಡು ಗಂಟೆಗೆ ಸ್ಕ್ಯಾನ್ ಆಯಿತು. ತೋಳಿಗೆ ಔಷಧ ಚುಚ್ಚುವಾಗ, ಮೈಯೆಲ್ಲ ಬಿಸಿಯಾಗುತ್ತದೆ, ಹೆದರಬೇಡಿ ಎಂದರು. ಮೆಮೋ ಕೈಗೆ ಬಂದ ದಿನ ಇದೇ ಬಿಸಿಯನ್ನು ಔಷಧವಿಲ್ಲದೆಯೇ ಅನುಭವಿಸಿದ್ದುದರಿಂದ ಮೆಲುಕಪ್ಪನವರು ಹೆದರಲಿಲ್ಲ. ಬಳೆಯಂಥ ಯಂತ್ರದೊಳಗೆ ಮಲಗಿ, ಉಸಿರು ಹಿಡಿ ಎಂದಾಗ ಹಿಡಿದು, ಬಿಡು ಎಂದಾಗ ಬಿಟ್ಟರು.

ಸ್ಕ್ಯಾನ್ ಡಾಕ್ಟರು ಬೋಳುತಲೆಯ ಉತ್ಸಾಹಿ. ಮೂರು ಗಂಟೆಗೆ ಇವರನ್ನು ಒಳಗೆ ಕರೆದು, ಹೊಸ ಮೊಮ್ಮಗನ ಫೋಟೋ ತೋರಿಸುವ ತಾತನಂತೆ, ಕಂಪ್ಯೂಟರಿನ ಮುಂದೆ ಕೂರಿಸಿದರು.

"ನೋಡಿ, ಎಲ್ಲರಿಗೂ ಎಡಕ್ಕೆ ಬಾಗೋ ನಾಳ ನಿಮಗೆ ಬಲಕ್ಕೆ ಬಾಗಿದೆ. ಅಲ್ಲಿಂದ ಎಡಗೈಗೆ ಹೋಗಬೇಕಾದ ಕವಲು ಪಾಪ ಏನು ಮಾಡುತ್ತೆ? ಅನ್ನನಾಳದ ಹಿಂದಿನಿಂದ ಸುತ್ತಿ ಹೋಗಿದೆ. ಹೋಗ್ತಾ ಅನ್ನನಾಳನ ಒತ್ತಿದೆ. ನೀರಿನ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತ ಹಾಗೆ. ಅದಕ್ಕೇ ತುತ್ತು ನಿಲ್ಲೋದು. ತುಂಬಾ ಅಪರೂಪ ರೀ! ಪುಸ್ತಕದಲ್ಲಿ ನೋಡಿದ್ದೆ. ಕಣ್ಣಾರೆ ಇದೇ ಮೊದಲು."

"ಜೀವಕ್ಕೇನಾದ್ರೂ...?"

"ಏನೂ ಇಲ್ಲ. ಇಷ್ಟು ವರ್ಷ ಏನೂ ಆಗಿಲ್ವಲ್ಲ, ಹಾಗೇ ಇರುತ್ತೆ. ಮುಂದೆ ತೊಂದರೆ ಹೆಚ್ಚಾದ್ರೆ ಶಸ್ತ್ರಚಿಕಿತ್ಸೆ ಯೋಚನೆ ಮಾಡೋಣ, ಆಗಾಗ ಬಂದು ತೋರಿಸ್ಕೊಳ್ಳಿ. ಸದ್ಯಕ್ಕೆ ಚಿಕಿತ್ಸೆ ಒಂದೇ: ಸಣ್ಣ ತುತ್ತು, ಚೆನ್ನಾಗಿ ಅಗೀಬೇಕು, ನಿಧಾನವಾಗಿ ತಿನ್ಬೇಕು."

ಮೆಲುಕಪ್ಪನವರ ಕಣ್ಣು ತುಂಬಿ ಬಂತು. ಜೀವಮಾನವಿಡೀ ಯಾವುದಕ್ಕಾಗಿ ಬೈಸಿಕೊಂಡಿದ್ದರೋ ಅದನ್ನೇ ವೈದ್ಯರು ಔಷಧವೆಂದು ಬರೆದುಕೊಡುತ್ತಿದ್ದರು! ತಾವು ಸೋಮಾರಿಯಲ್ಲ. ಬೇರೆಯವರು ತಿನ್ನುತ್ತಿದ್ದರು, ತಾವು ಪ್ರತಿ ತುತ್ತನ್ನೂ ಗುಡ್ಡ ಹತ್ತಿಸಿ ಇಳಿಸುತ್ತಿದ್ದರು.

ಕೂಡಲೇ ಮನೆಗೆ ಫೋನು ಮಾಡಿದರು. ಹೆಂಡತಿ ಮೊದಲು ಗಾಬರಿಯಿಂದ ಅತ್ತು, ಆಮೇಲೆ ಸಮಾಧಾನದಿಂದ ಅತ್ತಳು. ಅತ್ತೆಯವರು ಫೋನು ಕಿತ್ತುಕೊಂಡರು.

"ಹಾಗಾದ್ರೆ ಅಳಿಯಂದ್ರೇ, ಇಷ್ಟು ವರ್ಷ ನಾನು ಬೈದಿದ್ದು ರಕ್ತನಾಳಕ್ಕಾ?"

"ಹೌದತ್ತೆ."

"ಮೊದಲೇ ಹೇಳಬಾರದಿತ್ತಾ?" ಎಂದು ಅತ್ತೆಯವರು ಮೂಗೆಳೆದುಕೊಂಡರು. "ಬನ್ನಿ. ಆಲೂಗಡ್ಡೆ ನುಣ್ಣಗೆ ಮಸೆದು ಇಟ್ಟಿರ್ತೀನಿ."

ಇಷ್ಟಾಗುವಾಗ ಡಾಕ್ಟರು ಸುಮ್ಮನಿರಲಿಲ್ಲ. ಹತ್ತು ಮಂದಿ ವೈದ್ಯ ವಿದ್ಯಾರ್ಥಿಗಳನ್ನು ಕರೆಸಿದ್ದರು. ಒಬ್ಬೊಬ್ಬರೂ ಚಿತ್ರವನ್ನು ನೋಡಿ, ಮೆಲುಕಪ್ಪನವರನ್ನು ನೋಡಿ, ಮತ್ತೆ ಚಿತ್ರವನ್ನು ನೋಡಿದರು. ಒಬ್ಬಳು ಅವರಿಗೊಂದು ಬಿಸ್ಕತ್ತು ಕೊಟ್ಟು, ನುಂಗಿ ತೋರಿಸಿ ಅಂಕಲ್ ಎಂದಳು. ಬಿಸ್ಕತ್ತು ಮುಗಿಯಲು ಒಂಬತ್ತು ನಿಮಿಷ ಹಿಡಿಯಿತು. ಹತ್ತೂ ಮಂದಿ ಉಸಿರು ಬಿಗಿಹಿಡಿದು ನೋಡಿ ಕೊನೆಗೆ ಚಪ್ಪಾಳೆ ತಟ್ಟಿದರು. ಅವರ ಊಟಕ್ಕೆ ಇಂಥ ಮರ್ಯಾದೆ ಹಿಂದೆಂದೂ ಸಂದಿರಲಿಲ್ಲ. ಗೋಡೆಯ ಗಡಿಯಾರ ಮಾತ್ರ ನಾಲ್ಕನ್ನು ದಾಟಿತ್ತು.

"ಸರ್ಟಿಫಿಕೇಟು!" ಎಂದು ದಾಖಲೆ ಗುಮಾಸ್ತರು ಮೇಜಿನ ಮೇಲೆ ಬಗ್ಗಿದರು. ಡಾಕ್ಟರು ಬರೆದರು. ಇವರು ಭುಜದ ಮೇಲಿನಿಂದ ಓದಿ ತಲೆಯಾಡಿಸಿದರು. "ಸಾಲದು ಡಾಕ್ಟ್ರೇ. ನಮ್ಮ ಸಾಹೇಬ್ರು ಭಾರೀ ಖಡಕ್ಕು. ಇದು ಈಚೆಗೆ ಬಂದ ಚಾಳಿ ಅಂತ ಅಂದುಬಿಡ್ತಾರೆ. 'ಹುಟ್ಟಿನಿಂದಲೇ ಇರುವ ದೋಷ' ಅಂತ ಸ್ಪಷ್ಟವಾಗಿ ಬರೀರಿ."

ಡಾಕ್ಟರು ಬರೆದರು.

"ಇನ್ನೂ ದಪ್ಪಕ್ಷರ."

ಡಾಕ್ಟರು ತಿದ್ದಿದರು. ದಾಖಲೆ ಗುಮಾಸ್ತರು ತಮ್ಮ ಜೇಬಿನಿಂದ ಕೆಂಪು ಪೆನ್ನು ತೆಗೆದು, 'ಹುಟ್ಟಿನಿಂದಲೇ' ಎಂಬುದರ ಕೆಳಗೆ ಡಾಕ್ಟರಿಂದಲೇ ಎರಡು ಗೆರೆ ಎಳೆಸಿದರು.

ಐದಕ್ಕೆ ಹದಿನಾಲ್ಕು ನಿಮಿಷವಿರುವಾಗ ಇಬ್ಬರೂ ಏದುಸಿರು ಬಿಡುತ್ತಾ ಸಾಹೇಬರ ಕೋಣೆ ಹೊಕ್ಕರು. ಸಾಹೇಬರು ಸರ್ಟಿಫಿಕೇಟನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಯಾರೂ ಎಂದೂ ಕಾಣದ ಕೆಲಸವೊಂದನ್ನು ಮಾಡಿದರು: ಎದ್ದು ಬಂದು ತಾವೇ ಕುರ್ಚಿ ಎಳೆದು ಮೆಲುಕಪ್ಪನವರನ್ನು ಕೂರಿಸಿದರು.

"ನೀವು ಇಷ್ಟು ಕಷ್ಟಪಟ್ಟು ಊಟ ಮಾಡೋವಾಗ," ಎಂದು ಅವರು ಕಣ್ಣೊತ್ತಿಕೊಂಡರು, "ನಾನು ಬಾಗಿಲಲ್ಲಿ ನಿಂತು ಅಳೀತಿದ್ದೆನಲ್ಲ ರೀ!"

ಜೇಬಿನ ಗಡಿಯಾರವನ್ನು ತೆಗೆದು ಮೇಜಿನ ಸೆಳೆಖಾನೆಯೊಳಗೆ ಹಾಕಿದರು. ಮೆಮೋದ ಮೇಲೆ 'ವಿವರಣೆ ಒಪ್ಪಿದೆ' ಎಂದು ಬರೆದು ಸಹಿ ಮಾಡಿದರು. ಇನ್ನು ಮುಂದೆ ಇವರ ಊಟದ ವಿರಾಮ ಖಾಯಂ ಐವತ್ತೇಳು ನಿಮಿಷವೆಂದು ಆಜ್ಞೆ ಬರೆದರು. ಕೊನೆಗೆ ಮೇಲ್ವಿಚಾರಕ ಹುದ್ದೆಯ ಕಡತವನ್ನು ಮುಂದೆಳೆದು ಪೆನ್ನೆತ್ತಿದರು. ಕಡತದ ಪಕ್ಕದಲ್ಲೇ ಹಿತ್ತಾಳೆಯ ಬೀಗದಕೈ ಹೊಳೆಯುತ್ತಿತ್ತು. ಮೆಲುಕಪ್ಪನವರ ಎದೆಯೊಳಗೆ, ಬಲಕ್ಕೆ ಬಾಗಿದ ಆ ನಾಳದಲ್ಲಿ, ರಕ್ತ ಹಬ್ಬದಂತೆ ಹರಿಯಿತು.

"ಒಂದು ನಿಮಿಷ ಸಾರ್," ಎಂದರು ದಾಖಲೆ ಗುಮಾಸ್ತರು. ಮಿತ್ರನ ಗೆಲುವಿನಿಂದ ಅವರ ಮುಖ ಅರಳಿತ್ತು. "ಇದು ಸುಮ್ನೆ ಬಿಡೋ ಕಾಗದ ಅಲ್ಲ. ಇವರ ಸೇವಾ ಕಡತಕ್ಕೆ ಸೇರಿಸಿಬಿಡೋಣ. ನಾಳೆ ನೀವು ವರ್ಗ ಆಗಿ ಬೇರೆ ಸಾಹೇಬ್ರು ಬಂದ್ರೂ ಯಾರೂ ಕೇಳಬಾರದು." ಅಷ್ಟರಲ್ಲಿ ಓಡಿಹೋಗಿ ದಪ್ಪನೆಯ ಕಡತವನ್ನು ತಂದೇಬಿಟ್ಟಿದ್ದರು. "ಆರೋಗ್ಯಕ್ಕೆ ಸಂಬಂಧಪಟ್ಟ ಕಾಗದ ಆರೋಗ್ಯದ ಕಾಗದದ ಪಕ್ಕಕ್ಕೇ ಬರ್ಬೇಕು, ನಿಯಮ. ಇಗೋ, ಕೆಲಸಕ್ಕೆ ಸೇರುವಾಗ ತುಂಬಿದ ಫಾರಂ. ಇಲ್ಲೇ."

ಇಪ್ಪತ್ತೆರಡು ವರ್ಷಗಳ ಹಿಂದಿನ, ಅಂಚು ಹಳದಿಯಾದ ಫಾರಂ ಸಾಹೇಬರ ಮುಂದೆ ಬಿಚ್ಚಿಕೊಂಡಿತು. ಪಕ್ಕದಲ್ಲಿ ಹೊಸ ಸರ್ಟಿಫಿಕೇಟು. ಸಾಹೇಬರ ಕಣ್ಣು ಸರ್ಟಿಫಿಕೇಟಿನ ಎರಡು ಕೆಂಪು ಗೆರೆಗಳಿಂದ ಫಾರಮಿನ ಹದಿನಾಲ್ಕನೆಯ ಪ್ರಶ್ನೆಗೆ ದಾಟಿತು. 'ಹುಟ್ಟಿನಿಂದ ಬಂದ ದೋಷವೇನಾದರೂ ಇದೆಯೇ?' ಅದರ ಮುಂದೆ, ಮೆಲುಕಪ್ಪನವರದೇ ದುಂಡನೆಯ ಅಕ್ಷರದಲ್ಲಿ: 'ಇಲ್ಲ.' ಕೆಳಗೆ: 'ಮೇಲಿನದೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ.' ಅದರ ಕೆಳಗೆ ಸಹಿ.

ಎತ್ತಿದ ಪೆನ್ನು ಗಾಳಿಯಲ್ಲೇ ನಿಂತಿತು.

"ಇದು ತಪ್ಪು ಮಾಹಿತಿ ಆಯ್ತಲ್ಲ ರೀ," ಎಂದರು ಸಾಹೇಬರು ನಿಜವಾದ ಸಂಕಟದಿಂದ.

"ಸಾರ್, ನಂಗೆ ಗೊತ್ತೇ ಇರಲಿಲ್ಲ! ನಂಗೆ ಗೊತ್ತಾಗಿದ್ದೇ ಇವತ್ತು ಮೂರು ಗಂಟೆಗೆ!"

ಸಾಹೇಬರು ಕುರ್ಚಿಯಲ್ಲಿ ತುಸು ಹೊರಳಿ ಹಿಂದಿನ ಗೋಡೆಯ ಹಲಗೆಯನ್ನು ನೋಡಿದರು. ಮೆಲುಕಪ್ಪನವರೂ ನೋಡಿದರು. ದಾಖಲೆ ಗುಮಾಸ್ತರು ಮೆಲ್ಲಗೆ ಕೆಂಪು ಪೆನ್ನನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿದರು. 'ಗೊತ್ತಿಲ್ಲದೆ ತಪ್ಪಿದರೂ ತೂಕ ತಪ್ಪಿದ್ದೇ' ಎಂಬ ಮಾತು, ಹೇಳಿದವರ ಕಡೆಗೇ ಮುಖಮಾಡಿ, ದಪ್ಪಕ್ಷರಗಳಲ್ಲಿ ತೂಗುತ್ತಿತ್ತು.

ಹೊಸ ಮೆಮೋ ಬರೆಯಲು ಸಾಹೇಬರಿಗೆ ಆರು ನಿಮಿಷ ಸಾಕಾಯಿತು. ಸೇರುವಾಗ ದೋಷವನ್ನು ಮುಚ್ಚಿಟ್ಟದ್ದು ಕಂಡುಬಂದಿದೆ. ತಮಗೆ ಅದು ಗೊತ್ತಿರಲಿಲ್ಲ ಎಂಬುದಕ್ಕೆ ಲಿಖಿತ ಆಧಾರ ಒದಗಿಸತಕ್ಕದ್ದು. ಅಲ್ಲಿಯವರೆಗೆ ಮೇಲ್ವಿಚಾರಕ ಹುದ್ದೆಯ ಕಡತವನ್ನು ತಡೆಹಿಡಿಯಲಾಗಿದೆ. ಬೀಗದಕೈ ಸೆಳೆಖಾನೆಯೊಳಗೆ ಹೋಗಿ ಗಡಿಯಾರದ ಪಕ್ಕ ಮಲಗಿತು.

"ನಂಗೆ ಗೊತ್ತಿರಲಿಲ್ಲ ಅನ್ನೋದಕ್ಕೆ ಆಧಾರ ಎಲ್ಲಿಂದ ತರ್ಲಿ ಸಾರ್?" ಎಂದು ಮೆಲುಕಪ್ಪನವರು ಕ್ಷೀಣಸ್ವರದಲ್ಲಿ ಕೇಳಿದರು.

ಸಾಹೇಬರು ಅವರ ಭುಜದ ಮೇಲೆ ಕೈಯಿಟ್ಟರು. ಕಟುಕರೇನಲ್ಲ ಅವರು, ಕಣ್ಣಂಚು ಒದ್ದೆಯಾಗಿಯೇ ಇತ್ತು.

"ಅವಸರ ಇಲ್ಲ. ನೆಮ್ಮದಿಯಾಗಿ ಯೋಚನೆ ಮಾಡಿ, ನಾಳೆ ಊಟದ ವಿರಾಮದಲ್ಲಿ ಕೂತು ಬರೀರಿ. ಹೇಗಿದ್ರೂ ಐವತ್ತೇಳು ನಿಮಿಷ ಇದೆಯಲ್ಲ."